ಬೆಳ್ಳಕ್ಕಿಗೆ ಸರಿ, ಜೋಗಕ್ಕೆ ಬೇಡ

ಕೇಳುಗರಿಗೆ ನಮಸ್ಕಾರ.

ಜಲವರ್ಣದಲ್ಲಿ ಬಿಳಿ ಎಂದರೆ ಕಾಗದದ ಬಿಳಿಯೇ. ಹಸಿರು ಗದ್ದೆಯಲ್ಲಿ ನಾಲ್ಕು ಬೆಳ್ಳಕ್ಕಿ ಬರೆಯಬೇಕು ಅಂದುಕೊಳ್ಳಿ. ಅವುಗಳ ಜಾಗ ಬಿಟ್ಟು ಸುತ್ತ ಹಸಿರು ಹಚ್ಚಬೇಕು. ಆ ಸಪೂರ ಕತ್ತುಗಳ ಸುತ್ತ ಬ್ರಷ್ ಆಡಿಸುವಷ್ಟರಲ್ಲಿ ಗದ್ದೆ ಒಣಗಿ ಪಟ್ಟೆ ಪಟ್ಟೆಯಾಗುತ್ತದೆ, ಅಲ್ವಾ?

ಮಾಸ್ಕಿಂಗ್ ಫ್ಲೂಯಿಡ್, ಅಂದರೆ ಬಣ್ಣ ತಾಗದಂತೆ ಕಾಗದವನ್ನು ಮುಚ್ಚಿಡುವ ದ್ರವ, ಬೇಕಾಗುವುದು ಇಲ್ಲಿ. ಹಕ್ಕಿಯ ಆಕಾರಕ್ಕೆ ಅದನ್ನು ಹಚ್ಚಿ ಒಣಗಲು ಬಿಡಿ. ಮೇಲೆ ಧಾರಾಳವಾಗಿ ಬಣ್ಣ ಹರಿಸಿ. ಬಣ್ಣ ಪೂರ್ತಿ ಒಣಗಿದ ಮೇಲೆ ಬೆರಳಿನಿಂದ ಉಜ್ಜಿದರೆ ಪೊರೆ ಸುರುಳಿಯಾಗಿ ಎದ್ದು ಬರುತ್ತದೆ.

ಸುಳ್ಯ, ಪುತ್ತೂರು ಕಡೆಯವರಿಗೆ ಇದೇನು ಹೊಸತಲ್ಲ. ಬಹುಪಾಲು ಬಾಟಲಿಗಳಲ್ಲಿ ಇರುವುದು ರಬ್ಬರ್ ಮರದ ಹಾಲೇ. ಹೆಪ್ಪುಗಟ್ಟದಿರಲಿ ಎಂದು ಅಮೋನಿಯಾ ಬೆರೆಸಿರುತ್ತಾರೆ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆಯುವ ವಾಸನೆ ಅದರದು. ಕಿಟಕಿ ತೆರೆದಿಟ್ಟುಕೊಳ್ಳಿ. ಲೇಟೆಕ್ಸ್, ಅಂದರೆ ಈ ರಬ್ಬರ್ ಹಾಲಿನ, ಅಲರ್ಜಿ ಇದ್ದವರು ಇದರ ತಂಟೆಗೇ ಹೋಗಬೇಡಿ. ಬಾಟಲಿ ಕುಲುಕಬೇಡಿ. ಗುಳ್ಳೆ ಎದ್ದು, ಅದು ಒಡೆದಲ್ಲೆಲ್ಲ ಬಣ್ಣ ಒಳಗೆ ನುಗ್ಗುತ್ತದೆ.

ಒಳ್ಳೆಯ ಬ್ರಷ್ಷನ್ನು ಇದರಲ್ಲಿ ಅದ್ದಿದರೆ ಅದರ ಕಥೆ ಮುಗಿದಂತೆ. ಹಳೇ ನೈಲಾನ್ ಬ್ರಷ್ ಸಾಕು. ಅದನ್ನೂ ಮೊದಲು ಒದ್ದೆ ಸೋಪಿಗೆ ಉಜ್ಜಿ, ಆಮೇಲೆ ಅದ್ದಿ. ರಬ್ಬರ್ ಕೂದಲಿಗೆ ಬೇಗ ಅಂಟುವುದಿಲ್ಲ. ಎಳೆ ಗೆರೆಗೆ ನಿಬ್ಬು, ಚುಕ್ಕೆಗೆ ಕಡ್ಡಿಯ ತುದಿ.

ಹೆಚ್ಚಿನವರ ದೂರು ಒಂದೇ: ಪೊರೆಯ ಜೊತೆ ಕಾಗದವೂ ಕಿತ್ತು ಬಂತು. ಒದ್ದೆ ಕಾಗದಕ್ಕೆ ಹಚ್ಚಿದರೆ ರಬ್ಬರ್ ನಾರಿನೊಳಗೆ ಇಳಿಯುತ್ತದೆ. ಹೇರ್ ಡ್ರೈಯರ್ ಬಿಸಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ದಿನಗಟ್ಟಲೆ ಬಿಟ್ಟರೂ ಅದೇ ಗತಿ. ಅಗ್ಗದ ಮೆತ್ತನೆ ಕಾಗದವಾದರೆ ಸರಿಯಾಗಿ ಹಚ್ಚಿದರೂ ಹರಿಯಬಹುದು. ಮೊದಲು ಒಂದು ತುಂಡಿನ ಮೇಲೆ ಹಚ್ಚಿ ತೆಗೆದು ನೋಡಿ.

ಇನ್ನೊಂದು ತೊಡಕು ಅಂಚಿನದು. ಪೊರೆ ತೆಗೆದಾಗ ಹಕ್ಕಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ತುಸು ಒದ್ದೆ ಬ್ರಷ್ಷಿನಿಂದ ಅಲ್ಲಲ್ಲಿ ಅಂಚು ಸವರಿ. ಹೊಟ್ಟೆಯ ಕೆಳಗೆ ಚೂರು ನೀಲಿ ನೆರಳು ಕೊಡಿ. ಇಷ್ಟು ಮಾಡದೆ ಬಿಟ್ಟ ಚಿತ್ರಗಳೇ ಜಾಸ್ತಿ.

ಅದಕ್ಕೇ ಜೋಗದ ಚಿತ್ರಕ್ಕೆ ಇದು ಬೇಡ ಅಂತೀನಿ. ಧುಮುಕುವ ನೀರಿಗೆ, ಮೇಲೇಳುವ ಮಂಜಿಗೆ ಅಂಚೇ ಇಲ್ಲ. ಅಲ್ಲಿ ಹಸಿ ಬಣ್ಣವನ್ನು ಹತ್ತಿಬಟ್ಟೆಯಿಂದ ಒತ್ತಿ ತೆಗೆಯುವುದೇ ಸರಿ. ಮಧ್ಯೆ ನಾಲ್ಕು ಮಿಂಚುವ ಎಳೆ ಬೇಕೆನಿಸಿದರೆ, ಬಣ್ಣ ಒಣಗಿದ ಮೇಲೆ ಬ್ಲೇಡಿನ ತುದಿಯಿಂದ ಕೆರೆಯಿರಿ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಕೂಡ ಹೀಗೆ ಕೆರೆದೇ ಬಿಳಿ ತೆಗೆಯುತ್ತಿದ್ದ. ಕಾಗದ ಮಾತ್ರ 300 ಜಿಎಸ್ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪದ್ದಿರಲಿ.