ದೊಡ್ಡಪ್ಪ ಹಿಡಿದು ನೋಡಿದ ತಿರುಪು

ಮಡಿಕೇರಿಯಲ್ಲಿ ಬೆಳಿಗ್ಗೆ ಏಳು ಗಂಟೆ. ಮಳೆ ಇನ್ನೂ ನಿಂತಿಲ್ಲ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್‌ಗೆ, ಅಂದರೆ ನಮ್ಮ ಕೊಡವರ ಆಯುಧಪೂಜೆಯ ಹಬ್ಬಕ್ಕೆ, ಉಳಿದಿರುವುದು ಹತ್ತೇ ದಿನ. ಆ ದಿನ ಮನೆಯ ಕೋವಿಗಳಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅದಕ್ಕೆ ಕೈ ಪಳಗಲಿ ಅಂತ ನಾನು ಮನೆ ಹಿಂದಿನ ಮಣ್ಣಿನ ದಿಬ್ಬದ ಮುಂದೆ ಕಾಗದ ಕಟ್ಟಿ, ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ ಅಭ್ಯಾಸ ಮಾಡುತ್ತೇನೆ.

ಕಳೆದ ವಾರ ಈ ರೈಫಲ್ ನನ್ನನ್ನು ತುಂಬಾ ಕಾಡಿತು. ಹತ್ತು ಮೀಟರ್ ದೂರದಲ್ಲಿ ಐದು ಪೆಲೆಟ್ (ಏರ್ ರೈಫಲ್‌ನ ಪುಟ್ಟ ಗುಂಡು) ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬೀಳುತ್ತಿದ್ದವು. ಈಗ ಅಂಗೈ ಅಗಲ! ಗುರಿ ನೋಡುವ ಸೈಟ್ ತಿರುಗಿಸಿದೆ. ಪೆಲೆಟ್ ಡಬ್ಬಿ ಬದಲಿಸಿದೆ. ನನ್ನ ಉಸಿರಿನದೇ ತಪ್ಪು ಅಂದುಕೊಂಡೆ. ಎರಡು ದಿನ ಹೀಗೇ ಹೋಯಿತು.

ಕಾಫಿ ಕುಡಿಯಲು ಬಂದ ದೊಡ್ಡಪ್ಪ ರೈಫಲ್ ಎತ್ತಿಕೊಂಡರು. ಗುರಿ ಹಿಡಿಯಲಿಲ್ಲ. ನಳಿಗೆಯ ಕೆಳಗಿನ ಮರವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. "ಇದು ಅಲುಗ್ತಾ ಇದೆಯಲ್ಲ ಮಗಳೇ, ಮೊದಲು ಇದನ್ನ ನೋಡು" ಅಂದರು.

ನೋಡಿ, ಮರದ ಎರಡೂ ಪಕ್ಕದಲ್ಲಿ ಒಂದೊಂದು ತಿರುಪು. ಟ್ರಿಗರ್ ಹತ್ತಿರ ಕೆಳಗಿನಿಂದ ಇನ್ನೊಂದು. ಕಬ್ಬಿಣವನ್ನು ಮರಕ್ಕೆ ಹಿಡಿದಿಟ್ಟಿರುವುದು ಇವಿಷ್ಟೇ. ಟ್ರಿಗರ್ ಒತ್ತಿದಾಗ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ. ರೈಫಲ್ ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಜಗ್ಗುತ್ತದೆ. ಜಗ್ಗುವುದು ಉದ್ದಕ್ಕೆ, ತಿರುಪುಗಳು ಕೂತಿರುವುದು ಅಡ್ಡಕ್ಕೆ. ವಿಷಯ ಇರುವುದೇ ಇಲ್ಲಿ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರ್ ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ತಿರುಪನ್ನು ಅದರ ಉದ್ದಕ್ಕೆ ಎಳೆದರೆ ಅಷ್ಟಾಗಿ ಬಿಚ್ಚಿಕೊಳ್ಳುವುದಿಲ್ಲ. ಅಡ್ಡಕ್ಕೆ ಅಲುಗಿಸಿದರೆ ಬೇಗ ಬಿಚ್ಚಿಕೊಳ್ಳುತ್ತದೆ. ಅಡ್ಡ ಜಾರಿದ ಆ ಕ್ಷಣದಲ್ಲಿ ತಿರುಪಿನ ಸುರುಳಿ ಏಣುಗಳ (ಥ್ರೆಡ್) ಹಿಡಿತ ಹೋಗಿ, ತಿರುಪು ಕೂದಲೆಳೆಯಷ್ಟು ಹಿಂದಕ್ಕೆ ಸರಿಯುತ್ತದೆ. ಇಂಥ ಅಲುಗಾಟಕ್ಕೆ ಸೀಳಿದ ಸ್ಪ್ರಿಂಗ್ ವಾಷರ್ ಅಷ್ಟೇನೂ ತಡೆಯಾಗುವುದಿಲ್ಲ. ವರ್ಷಗಟ್ಟಲೆ ನಾನು ನಂಬಿಕೊಂಡಿದ್ದು ಅದನ್ನೇ.

ಜೊತೆಗೆ ನಮ್ಮ ಮಳೆ. ಮರ ಜೂನ್‌ನಿಂದ ಉಬ್ಬುತ್ತದೆ, ಬೇಸಿಗೆಗೆ ಒಣಗಿ ಕುಗ್ಗುತ್ತದೆ. ತಿರುಪಿನ ತಲೆಯ ಕೆಳಗೆ ಮರ ತಗ್ಗಿದರೆ ಬಿಗಿ ಹೋಯಿತು ಅಂತಲೇ ಲೆಕ್ಕ. ಆಗ ಸಿಟ್ಟಿನಲ್ಲಿ ಇನ್ನೂ ಜಾಸ್ತಿ ತಿರುಗಿಸಬೇಡಿ. ಮರ ಜಜ್ಜಿ ಸೀಳುತ್ತದೆ. ತಲೆಯ ಕೆಳಗೆ ಅಗಲದ ಕಪ್ ವಾಷರ್ ಇದ್ದರೆ ಒತ್ತಡ ಹರಡಿಕೊಳ್ಳುತ್ತದೆ.

ಕೆಲಸಕ್ಕೆ ಕೈ ಹಾಕುವ ಮೊದಲು ನಳಿಗೆ ಬಗ್ಗಿಸಿ ಪೆಲೆಟ್ ಇಲ್ಲ ಅಂತ ಕಣ್ಣಾರೆ ನೋಡಿದೆ. ಸ್ಪ್ರಿಂಗ್ ಎಳೆದ ಸ್ಥಿತಿಯಲ್ಲಿ ಇಲ್ಲ ಅಂತಲೂ ಖಾತ್ರಿ ಮಾಡಿಕೊಂಡೆ. ಮರ ಬಿಚ್ಚಿದ ಮೇಲೆ ಇದನ್ನು ಎಳೆದು ನೋಡಲೇಬಾರದು, ಬೆರಳು ಹೋಗುತ್ತದೆ.

ತಿರುಪಿನ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿ. ಬಿಚ್ಚಿದ ತಿರುಪನ್ನೂ ಅದು ಕೂರುವ ತೂತನ್ನೂ ಅಸಿಟೋನ್ ಹಾಕಿದ ಹತ್ತಿಕಡ್ಡಿಯಿಂದ ಒರೆಸಿದೆ. ಎಣ್ಣೆ ಉಳಿದರೆ ಮುಂದೆ ಹಾಕುವ ಅಂಟಿನ ಹಿಡಿತ ಕಡಿಮೆಯಾಗಬಹುದು. ಅಸಿಟೋನ್ ಮರದ ಪಾಲಿಷ್‌ಗೆ ತಾಗಬಾರದು, ಪಾಲಿಷ್ ಕಿತ್ತುಬರುತ್ತದೆ. ಒಣಗಿದ ಮೇಲೆ ಥ್ರೆಡ್‌ಗೆ ಒಂದು ಹನಿ ನೀಲಿ ಲಾಕ್‌ಟೈಟ್ 243, ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು. ಇದು ಗಾಳಿ ಇಲ್ಲದ ಕಡೆ, ಎರಡು ಲೋಹಗಳ ನಡುವೆ ಸಿಕ್ಕಿಕೊಂಡಾಗ ಮಾತ್ರ ಗಟ್ಟಿಯಾಗುತ್ತದೆ. ಬೇಕಾದಾಗ ಕೈ ಸಾಧನದಿಂದಲೇ ಬಿಚ್ಚಬಹುದು. ಕೆಂಪು ಬಣ್ಣದ ಲಾಕ್‌ಟೈಟ್ ಬೇಡವೇ ಬೇಡ. ಅದನ್ನು ಬಿಚ್ಚಲು ಸುಮಾರು 250 ಡಿಗ್ರಿ ಬಿಸಿ ಬೇಕು. ಪಕ್ಕದಲ್ಲೇ ಮರ ಇದೆ ಅಲ್ವಾ?

ಬಿಗಿ ಮಾಡುವಾಗ ಒಂದನ್ನೇ ಕೊನೆವರೆಗೂ ತಿರುಗಿಸದೆ, ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ಅಂತ ಸರದಿಯಲ್ಲಿ ಹೋದೆ. ರೈಫಲ್ ಜೊತೆ ಬಂದ ಪುಸ್ತಕದಲ್ಲಿ ಟಾರ್ಕ್ ಅಳತೆ (ಎಷ್ಟು ಬಲದಿಂದ ಬಿಗಿ ಮಾಡಬೇಕು ಅಂತ) ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಕೊನೆಗೆ ತಿರುಪಿನ ತಲೆಯಿಂದ ವಾಷರ್ ದಾಟಿ ಮರದವರೆಗೆ ನೇಲ್ ಪಾಲಿಷ್‌ನಲ್ಲಿ ಒಂದು ಸಣ್ಣ ಗೆರೆ. ತಿರುಪು ಸರಿದರೆ ಗೆರೆ ಮುರಿದು ಕಾಣುತ್ತದೆ. ಆಮೇಲೆ 24 ಗಂಟೆ ಸುಮ್ನೆ ಬಿಟ್ಟೆ.

ಮರುದಿನ ಮಧ್ಯಾಹ್ನ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ನಲವತ್ತು ಪೆಲೆಟ್ ಹೊಡೆದೆ. ಕಾಗದದ ಮೇಲೆ ಕೊನೆಯ ಐದರ ತೂತುಗಳು ನಾಣ್ಯ ಇಟ್ಟರೆ ಮುಚ್ಚಿಹೋಗುತ್ತವೆ. ಗೆರೆಯೂ ಹಾಗೇ ಇದೆ.

ಈಗ ದೊಡ್ಡಪ್ಪ ತಮ್ಮ ರೈಫಲ್ ತರುತ್ತಿದ್ದಾರೆ. ಭುಜದ ಪಟ್ಟಿ ಸಿಕ್ಕಿಸುವ ಕೊಂಡಿ ಸಡಿಲವಾಗಿದೆಯಂತೆ. ಅದು ನೇರ ಮರಕ್ಕೇ ಕೂರುವ ತಿರುಪು. ಅಲ್ಲಿ ಲಾಕ್‌ಟೈಟ್ ಕೆಲಸಕ್ಕೆ ಬರುವುದಿಲ್ಲ. ತೂತಿಗೆ ಮರದ ಅಂಟು ಹಚ್ಚಿದ ಬೆಂಕಿಕಡ್ಡಿ ತುಂಬಿ, ಒಣಗಿದ ಮೇಲೆ ತಿರುಪು ಹಾಕಬೇಕು. ಕಡ್ಡಿಗಳ ಮದ್ದಿನ ತಲೆ ಮುರಿದು ಆಗಲೇ ತೆಗೆದಿಟ್ಟಿದ್ದೇನೆ. ಕಾಫಿಗೂ ನೀರಿಟ್ಟಿದ್ದೇನೆ.