ಹೊಟ್ಟೆ ತುಂಬಿದೆ, ಊಟವಾಗಿಲ್ಲ

ಈಗ ನೀವು ನೋಡುತ್ತಿರುವುದು ಸಕಲೇಶಪುರದ ಬಳಿ ಇರುವ ನನ್ನ ತವರುಮನೆಯ ಅಡುಗೆಮನೆ. ಉಕ್ಕರಿಸಿದ ಹಿಟ್ಟಿನಿಂದ ತಟ್ಟಿದ ಅಕ್ಕಿರೊಟ್ಟಿಯನ್ನು ಅಮ್ಮ ಕಾವಲಿಯಿಂದ ತೆಗೆದು, ಒಲೆಯ ಬಾಯಿಗೆ ಎಳೆದಿಟ್ಟ ಕೆಂಡದ ಮೇಲೆ ಉಬ್ಬಿಸುತ್ತಿದ್ದಾರೆ. ಹೊಳೆನರಸೀಪುರದ ಕಡೆಯವರಾದ ನನ್ನ ಅತ್ತೆ ಹೋದ ತಿಂಗಳು ಇಲ್ಲಿಗೆ ಬಂದಿದ್ದಾಗ, ಮಧ್ಯಾಹ್ನ ಇಂಥ ನಾಲ್ಕು ರೊಟ್ಟಿಗಳನ್ನು ಕೋಳಿಸಾರಿನೊಂದಿಗೆ ತಿಂದು ಮುಗಿಸಿದ ಮೇಲೂ ಕೈ ತೊಳೆಯದೆ ಕುಳಿತೇ ಇದ್ದರು. ಇನ್ನೊಂದು ಬಡಿಸಲೇ ಎಂದು ಕೇಳಿದ್ದಕ್ಕೆ, ‘ಹೊಟ್ಟೆ ತುಂಬೈತೆ ಕಣವ್ವ, ಊಟ ಆಗಿಲ್ವಲ್ಲ’ ಎಂದರು. ಅವರು ಕಾಯುತ್ತಿದ್ದುದು ಮುದ್ದೆಗಾಗಿ.

ಒಂದೇ ಜಿಲ್ಲೆಯೊಳಗೆ ಅಕ್ಕಿಯ ಸೀಮೆಯೂ ರಾಗಿಯ ಸೀಮೆಯೂ ಇರುವ ಹಾಸನದವರಿಗೆ ಇದು ಹೊಸ ಸಂಗತಿಯೇನಲ್ಲ. ಆದರೆ ಅತ್ತೆಯ ಆ ಮಾತನ್ನು ನಾನು ತಮಾಷೆಯೆಂದು ಬಿಟ್ಟುಬಿಡಲಾರೆ, ಏಕೆಂದರೆ ಉಣ್ಣುವುದನ್ನು ಎಲ್ಲಿಗೆ ನಿಲ್ಲಿಸಬೇಕೆಂಬ ತೀರ್ಮಾನದಲ್ಲಿ ಹೊಟ್ಟೆಯ ಜೊತೆಗೆ ನೆನಪಿಗೂ ಪಾಲಿದೆಯೆಂದು ಮನಶ್ಶಾಸ್ತ್ರವೂ ಹೇಳುತ್ತದೆ. ಅಮೆರಿಕದ ಪಾಲ್ ರೋಜಿನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಗತಾನೇ ನಡೆದದ್ದೂ ನೆನಪಿನಲ್ಲಿ ಉಳಿಯದಂಥ ತೀವ್ರ ಮರೆವಿನ ಇಬ್ಬರು ರೋಗಿಗಳಿಗೆ, ಊಟ ಮುಗಿದ 10ರಿಂದ 30 ನಿಮಿಷಗಳೊಳಗೆ ಮತ್ತೊಂದು ಊಟವನ್ನು ತಂದಿಡಲಾಯಿತು. ಅವರು ಅದನ್ನೂ ಉಂಡರು. ಮೂರನೆಯ ಊಟ ಬಂದಾಗ ಬಹುತೇಕ ಅದಕ್ಕೂ ಕೈಹಾಕಿದರು. ಅಂಥ ಮರೆವಿಲ್ಲದವರು ಎರಡನೆಯದನ್ನೇ ಬೇಡವೆಂದರು. ಮರೆವಿನವರ ಹೊಟ್ಟೆಯೂ ತುಂಬಿಯೇ ಇತ್ತು. ಉಂಡದ್ದರ ಲೆಕ್ಕ ಮಾತ್ರ ಅವರ ಬಳಿ ಇರಲಿಲ್ಲ.

ಈ ಲೆಕ್ಕವನ್ನು ಎಲ್ಲ ಸಲವೂ ಬುದ್ಧಿಯೇ ಬರೆದಿಡುವುದಿಲ್ಲ. ನಾನು ಹತ್ತು ವರ್ಷದವಳಿದ್ದಾಗ ಮಳೆಗಾಲದಲ್ಲಿ ಕಳಲೆ ಪಲ್ಯ ತಿಂದ ರಾತ್ರಿಯೇ ಜ್ವರ ಬಂದು ವಾಂತಿಯಾಯಿತು. ಮನೆಯ ಉಳಿದವರೆಲ್ಲ ಅದೇ ಪಲ್ಯ ತಿಂದು ಚೆನ್ನಾಗಿಯೇ ಇದ್ದುದರಿಂದ ತಪ್ಪು ಕಳಲೆಯದಲ್ಲವೆಂದು ನನಗೆ ಗೊತ್ತಿದೆ. ಆದರೂ ಇಂದಿಗೂ ಅದರ ವಾಸನೆಗೆ ಗಂಟಲು ಕಟ್ಟುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾರ್ಸಿಯಾ 1955ರಲ್ಲಿ ಇಲಿಗಳಲ್ಲಿ ಕಂಡದ್ದು ಇದನ್ನೇ. ಸ್ಯಾಕರಿನ್ ಬೆರೆಸಿದ ಸಿಹಿನೀರು ಕುಡಿಯುವ ಹೊತ್ತಿಗೆ ವಿಕಿರಣಕ್ಕೆ ಒಡ್ಡಿದ ಇಲಿಗಳು, ಕಾಯಿಲೆಗೆ ಕಾರಣ ವಿಕಿರಣವೇ ಆಗಿದ್ದರೂ, ಆಮೇಲೆ ಆ ಸಿಹಿನೀರನ್ನು ದೂರವಿಟ್ಟವು.

ಮದುವೆಮನೆಯಲ್ಲಿ ಇನ್ನೊಂದು ತುತ್ತು ಅನ್ನವೂ ಸೇರದೆಂದು ಎಲೆಗೆ ಕೈ ಅಡ್ಡ ಹಿಡಿದವರು, ಹೋಳಿಗೆ ಬಂದೊಡನೆ ಆ ಕೈ ತೆಗೆಯುತ್ತಾರೆ. ತಿನ್ನುತ್ತಿರುವ ರುಚಿಯ ಮೇಲಿನ ಆಸೆ ಇಳಿದರೂ ಇನ್ನೂ ತಿನ್ನದ ರುಚಿಯ ಮೇಲಿನ ಆಸೆ ಅಷ್ಟಾಗಿ ಇಳಿಯುವುದಿಲ್ಲವೆಂದು ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿಯೇ ತೋರಿಸಿದ್ದಾರೆ. ನಮ್ಮ ಬಡಿಸುವವರಿಗೆ ಅದಕ್ಕೂ ಮೊದಲೇ ಇದು ತಿಳಿದಿತ್ತೆಂಬುದು ನನ್ನ ಅನುಮಾನ.

ನನಗೆ ನಿಜವಾಗಿ ಚುಚ್ಚಿದ್ದು ಬ್ರಿಟನ್ನಿನ ಸುಜಾನ್ ಹಿಗ್ಸ್ ಅವರ ಕೆಲಸ. ಮಧ್ಯಾಹ್ನದ ಊಟವನ್ನು ಟಿವಿ ನೋಡುತ್ತ ಮಾಡಿದವರು ಸಂಜೆಯ ಹೊತ್ತಿಗೆ ಹೆಚ್ಚು ಕುರುಕಲು ತಿನ್ನುತ್ತಾರೆಂದೂ, ಉಂಡದ್ದರ ನೆನಪು ಅವರಲ್ಲಿ ಅಷ್ಟು ಸ್ಪಷ್ಟವಾಗಿರುವುದಿಲ್ಲವೆಂದೂ ಅವರ 2009ರ ಅಧ್ಯಯನ ಹೇಳುತ್ತದೆ. ನಾನಾದರೋ ಊಟ ಮಾಡುವುದೇ ಲ್ಯಾಪ್‌ಟಾಪಿನ ಮುಂದೆ. ಈಗ ನೀವು ನೋಡಿದ ರೊಟ್ಟಿಯ ದೃಶ್ಯವನ್ನು ನಿನ್ನೆ ಎಡಿಟ್ ಮಾಡುತ್ತಿದ್ದಾಗ ಅಮ್ಮ ಒಳಗಿನಿಂದ, ‘ಕಡುಬು ತಿಂದ್ಯೇನೆ, ಇನ್ನೆರಡು ತರ್ಲಾ?’ ಎಂದು ಕೂಗಿದರು. ಉತ್ತರ ಹೇಳುವ ಮುನ್ನ ನಾನು ತಟ್ಟೆಯ ಕಡೆ ತಿರುಗಿ ನೋಡಬೇಕಾಯಿತು.