ಪ್ರಶ್ನೆ ಕೇಳಿ, ಆಮೇಲೆ ಸುಮ್ಮನಿರಿ

ಆಕಾಶವಾಣಿ ಭದ್ರಾವತಿಯ ಕೇಳುಗರಿಗೆಲ್ಲ ನಮಸ್ಕಾರ. ಕಾಲೇಜಿನಲ್ಲಿ ಪಾಠ ಹೇಳುವ ವಿಧಾನಗಳ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಎಲ್ಲರೂ ಕೇಳಿ, ಸಂತೋಷ. ಆದರೆ ನಾನು ಮಾತಾಡುತ್ತಿರುವುದು ಮುಖ್ಯವಾಗಿ ಒಬ್ಬರ ಜೊತೆ. ಸಾಗರಕ್ಕೋ ತೀರ್ಥಹಳ್ಳಿಗೋ ಹೋಗುವ ಬೆಳಗಿನ ಬಸ್ಸಿನಲ್ಲಿ ಕೂತು, ಮೊದಲ ಪೀರಿಯಡ್ಡಿಗೆ ಹಳೇ ನೋಟ್ಸ್ ತಿರುವಿ ಹಾಕುತ್ತಿರುವ ಉಪನ್ಯಾಸಕರೇ, ನೀವು ಕಾಯಂ ಆಗಿರಿ, ಅತಿಥಿ ಉಪನ್ಯಾಸಕರಾಗಿರಿ, ನಿಮಗೆ ಹೇಳುವುದು ಒಂದೇ. ಇವತ್ತು ತರಗತಿಯಲ್ಲಿ ಒಂದು ಒಳ್ಳೆಯ ಪ್ರಶ್ನೆ ಕೇಳಿ. ಕೇಳಿದ ಮೇಲೆ ಸುಮ್ಮನಿರಿ.

ಅಷ್ಟೇನಾ ಅಂತೀರಾ? ಅಷ್ಟೇ. ಆದರೆ ಸುಮ್ಮನಿರುವುದು ನಮ್ಮ ಕಸುಬಿನವರಿಗೆ ಬರುವುದೇ ಇಲ್ಲ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಶಾಲಾ ತರಗತಿಗಳ ಮಾತನ್ನು ರೆಕಾರ್ಡ್ ಮಾಡಿ ಅಳೆದು ನೋಡಿದರು. ಪ್ರಶ್ನೆ ಕೇಳಿದ ಮೇಷ್ಟ್ರು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅಷ್ಟರೊಳಗೆ ಇನ್ನೊಬ್ಬರನ್ನು ಕೇಳುತ್ತಾರೆ, ಇಲ್ಲಾ ತಾವೇ ಹೇಳಿಬಿಡುತ್ತಾರೆ. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು. ಬಾಯಿ ಬಿಡದವರು ಬಾಯಿ ಬಿಟ್ಟರು. ಬರೀ 3 ಸೆಕೆಂಡ್!

ನಮ್ಮಲ್ಲಿ ಹೇಗೆ ನಡೆಯುತ್ತದೆ? "ಅರ್ಥ ಆಯ್ತಾ?" "ಆಯ್ತು ಸಾರ್." ಮುಂದಿನ ಪುಟ. ದಯವಿಟ್ಟು ಇದನ್ನು ಪ್ರಶ್ನೆಯ ಲೆಕ್ಕಕ್ಕೆ ಸೇರಿಸಬೇಡಿ. ನೋಟ್ಸ್ ಬರೆಸುವುದರ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಅಚ್ಚಿನ ಯಂತ್ರ ಬರುವ ಮೊದಲು ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಪುಸ್ತಕ ಬಹಳ ದುಬಾರಿ. ಹಾಗಾಗಿ ಗುರುಗಳು ಓದುತ್ತಿದ್ದರು, ಶಿಷ್ಯರು ಬರೆದುಕೊಳ್ಳುತ್ತಿದ್ದರು. ಆಗ ಸರಿ. ಈಗ ಪಠ್ಯಪುಸ್ತಕ ಹುಡುಗರ ಫೋನಿನಲ್ಲೇ ಇದೆ. ಆದರೂ ನಾವು "ಕಾಮಾ, ಫುಲ್‌ಸ್ಟಾಪ್, ಮುಂದೆ ಬರೀರಿ" ಅಂತ ಹೇಳುತ್ತಲೇ ಇದ್ದೇವೆ.

ಒಂದು ತರಗತಿಯ ಕತೆ ಹೇಳುತ್ತೇನೆ. ಶರಾವತಿ ಹಿನ್ನೀರಿನ ಕಡೆಯ ಒಂದು ಡಿಗ್ರಿ ಕಾಲೇಜು, ಹೆಸರು ಬೇಡ. ಬಿ.ಎಸ್ಸಿ. ಮೊದಲ ವರ್ಷ, ಭೌತಶಾಸ್ತ್ರ. ನಾನು ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಲು ಹೋದವನು. ಜುಲೈ ತಿಂಗಳು. ಶೀಟಿನ ಮಾಡು. ಅದರ ಮೇಲೆ ಮಳೆ ಬಿದ್ದರೆ ಏನಾಗುತ್ತದೆ ಅಂತ ಮಲೆನಾಡಿನವರಿಗೆ ನಾನು ಹೇಳಬೇಕೇ? ಆ ಯುವ ಉಪನ್ಯಾಸಕರು ಗಂಟಲು ಹರಿದುಕೊಂಡು ದ್ರವದ ಒತ್ತಡದ ಸೂತ್ರ ವಿವರಿಸುತ್ತಿದ್ದರು. ಆಳ, ಸಾಂದ್ರತೆ, ಗುರುತ್ವ, ಮೂರನ್ನೂ ಗುಣಿಸಿದರೆ ಒತ್ತಡ. ಎಲ್ಲರ ಪುಸ್ತಕದಲ್ಲೂ ಸೂತ್ರ ನೀಟಾಗಿ ಕೂತಿತು. ಕೆಳಗೆ ಕೆಂಪು ಪೆನ್ನಿನ ಗೆರೆ ಬೇರೆ.

ನಾನೊಂದು ಪ್ರಶ್ನೆ ಕೇಳಲಾ ಅಂದೆ. ಪಾಪ, ಒಪ್ಪಿದರು.

"ಲಿಂಗನಮಕ್ಕಿ ಅಣೆಕಟ್ಟು ಪೂರ್ತಿ, ಅಂದರೆ ಸಮುದ್ರ ಮಟ್ಟದಿಂದ 1819 ಅಡಿಯವರೆಗೆ, ತುಂಬಿದೆ ಅಂದುಕೊಳ್ಳಿ. ಕಣ್ಣು ಹಾಯುವಷ್ಟು ದೂರ ನೀರು. ಈಗ ಅಣೆಕಟ್ಟಿನಿಂದ ಹತ್ತೇ ಅಡಿ ಹಿಂದೆ ಅಷ್ಟೇ ಎತ್ತರದ ಇನ್ನೊಂದು ಗೋಡೆ ಕಟ್ಟಿದೆವು. ಆಚೆಯ ನೀರನ್ನೆಲ್ಲ ಖಾಲಿ ಮಾಡಿದೆವು. ಎರಡು ಗೋಡೆಗಳ ನಡುವೆ ಹತ್ತಡಿ ಅಗಲದ ನೀರು ಮಾತ್ರ ಉಳಿದಿದೆ, ಮಟ್ಟ ಮೊದಲಿನಷ್ಟೇ. ಅಣೆಕಟ್ಟಿನ ಮೇಲಿನ ಒತ್ತಡ ಕಡಿಮೆ ಆಗುತ್ತದೋ, ಅಷ್ಟೇ ಇರುತ್ತದೋ?"

ಕೈ ಎತ್ತಿಸಿದೆ. ಹೆಚ್ಚುಕಮ್ಮಿ ಇಡೀ ತರಗತಿ 'ಕಡಿಮೆ ಆಗುತ್ತದೆ' ಅಂದಿತು. ಈಗಷ್ಟೇ ಬರೆದುಕೊಂಡ ಸೂತ್ರದಲ್ಲಿ ನೀರು ಎಷ್ಟು ದೂರ ಹರಡಿದೆ ಎಂಬ ಸುದ್ದಿಯೇ ಇಲ್ಲ! ಉಪನ್ಯಾಸಕರು ತಡೆಯಲಾರದೆ ವಿವರಿಸಲು ಮುಂದಾದರು. ಬೇಡ ಎಂದು ಸನ್ನೆ ಮಾಡಿದೆ. ಸ್ವಲ್ಪ ಹೊತ್ತು ಮಳೆ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ, "ನಿಮ್ಮ ಉತ್ತರ ಒಪ್ಪದವರು ಪಕ್ಕದಲ್ಲಿ ಯಾರಿದ್ದಾರೋ ಅವರ ಜೊತೆ ಜಗಳ ಆಡಿ" ಅಂದೆ.

ಶುರುವಾಯಿತು ನೋಡಿ. ಮಳೆಗಿಂತ ಜಾಸ್ತಿ ಗಲಾಟೆ. ಒಬ್ಬ ಹುಡುಗ, "ಅಷ್ಟೊಂದು ನೀರು ಹಿಂದಿನಿಂದ ದೂಡತ್ತಲ್ಲ ಮಾರಾಯ್ತಿ" ಅಂದ. ಪಕ್ಕದಲ್ಲಿದ್ದ ಹುಡುಗಿ ಬಿಡಲಿಲ್ಲ. "ನಮ್ಮನೆಗೆ ಗುಡ್ಡದ ಮೇಲಿಂದ ಅಬ್ಬಿ ನೀರು ಬರತ್ತೆ. ಪೈಪು ಹೆಬ್ಬೆರಳಷ್ಟೇ ದಪ್ಪ. ಮೋಟಾರಿಲ್ಲದೆ ತೋಟದಲ್ಲಿ ನೀರು ಚಿಮ್ಮೋ ಜೆಟ್ ತಿರುಗತ್ತೆ. ಪಕ್ಕದ ಮನೆಯವರದ್ದು ಇಷ್ಟು ದೊಡ್ಡ ಟ್ಯಾಂಕ್, ಆದರೆ ಸೂರಿನ ಎತ್ತರದಲ್ಲಿದೆ. ಅವರ ನಲ್ಲಿಯಲ್ಲಿ ನೀರು ಸುಮ್ನೆ ಸೋರತ್ತೆ. ಹಾಗಾದ್ರೆ ಎಷ್ಟು ನೀರಿದೆ ಅಂತಲ್ಲ, ಎಷ್ಟು ಮೇಲಿದೆ ಅಂತ ಅಲ್ವಾ?"

ಹುಡುಗನೂ ಕಡಿಮೆಯವನಲ್ಲ. "ಅದು ಹರಿಯೋ ನೀರು. ಡ್ಯಾಮಿಂದು ನಿಂತ ನೀರು" ಅಂದ. ನನಗಂತೂ ಎದ್ದು ಅವನ ಬೆನ್ನು ತಟ್ಟಬೇಕು ಅನ್ನಿಸಿತು. ಅದು ನಿಜಕ್ಕೂ ಒಳ್ಳೆಯ ಪಾಯಿಂಟು. ಅವಳು ಒಂದು ಕ್ಷಣ ಯೋಚಿಸಿ, "ಜೆಟ್ ಬಂದ್ ಮಾಡಿ ನೀರು ನಿಂತಾಗಲೇ ಅಲ್ವಾ ಪೈಪಿನ ಜಾಯಿಂಟು ಕಿತ್ತು ಹೋಗೋದು?" ಅಂದಳು. ಸುತ್ತ ಕೂತವರೆಲ್ಲ ನಕ್ಕರು, ಯಾಕೆಂದರೆ ಎಲ್ಲರ ಮನೆಯಲ್ಲೂ ಕಿತ್ತು ಹೋಗಿದೆ! ಮತ್ತೆ ಕೈ ಎತ್ತಿಸಿದೆ. ಮುಕ್ಕಾಲುವಾಸಿ ಜನ 'ಅಷ್ಟೇ ಇರುತ್ತದೆ' ಕಡೆಗೆ ಬಂದಿದ್ದರು. ಅದೇ ಸರಿಯುತ್ತರ. ಕೊನೆಗೆ ಉಪನ್ಯಾಸಕರು ಬಕೆಟ್ಟಿಗೂ ಬಾಟಲಿಗೂ ಒಂದೇ ಎತ್ತರದಲ್ಲಿ ಒಂದೇ ಅಳತೆಯ ತೂತು ಮಾಡಿ, ಒಂದೇ ಮಟ್ಟಕ್ಕೆ ನೀರು ತುಂಬಿ, ಬಾಟಲಿಯ ಮಟ್ಟ ಇಳಿಯದಂತೆ ನೀರು ಹಾಕುತ್ತಾ ತೋರಿಸಿದರು. ಎರಡರ ನೀರೂ ಒಂದೇ ದೂರಕ್ಕೆ ಚಿಮ್ಮಿತು. ಅಬ್ಬಿ ನೀರಿನ ಉದಾಹರಣೆ ನನಗಾಗಲಿ ಅವರಿಗಾಗಲಿ ಹೊಳೆದಿರಲಿಲ್ಲ. ಆ ಹುಡುಗಿಗೆ ಹೊಳೆಯಿತು, ನಾವು ಬಾಯಿ ಮುಚ್ಚಿಕೊಂಡಿದ್ದಕ್ಕೆ.

ಇದು ನನ್ನ ಕಂಡುಹಿಡಿತವಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಎರಿಕ್ ಮಜೂರ್ 1990ರ ದಶಕದ ಶುರುವಿನಿಂದ ಹೀಗೇ ಪಾಠ ಮಾಡುತ್ತಾ ಬಂದವರು. ಅವರ ವಿದ್ಯಾರ್ಥಿಗಳು ಕಷ್ಟದ ಲೆಕ್ಕಗಳನ್ನೆಲ್ಲ ಬಿಡಿಸುತ್ತಿದ್ದರು. ನ್ಯೂಟನ್ ನಿಯಮದ ಮೇಲೆ ಲೆಕ್ಕವಿಲ್ಲದ ಸರಳ ಪ್ರಶ್ನೆ ಕೇಳಿದರೆ ತಡವರಿಸುತ್ತಿದ್ದರು. ಮಜೂರ್ ಒಂದು ಸಲ ವಿವರಿಸಿದರು, ಎರಡು ಸಲ ವಿವರಿಸಿದರು, ಆಗಲಿಲ್ಲ. ನೀವು ನೀವೇ ಮಾತಾಡಿಕೊಳ್ಳಿ ಅಂದರು. ಎರಡು ಮೂರು ನಿಮಿಷದಲ್ಲಿ ಹುಡುಗರೇ ಬಿಡಿಸಿಕೊಂಡರು. ಕಾರಣ ಸುಲಭ. ನಿನ್ನೆ ಮೊನ್ನೆ ಕಲಿತವನಿಗೆ ತಾನು ಎಲ್ಲಿ ಎಡವಿದ್ದೆ ಅಂತ ನೆನಪಿರುತ್ತದೆ. ಇಪ್ಪತ್ತು ವರ್ಷ ಅದನ್ನೇ ಕಲಿಸಿದ ಪ್ರೊಫೆಸರಿಗೆ ಎಲ್ಲಿ ನೆನಪಿರುತ್ತದೆ?

ಅಂಕಿ ಅಂಶ ಬೇಕು ಅನ್ನುವವರಿಗೆ ಇದನ್ನು ಹೇಳುತ್ತೇನೆ. 2014ರಲ್ಲಿ ಅಮೆರಿಕದ ಸಂಶೋಧಕ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ಕಾಲೇಜು ಮಟ್ಟದ ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬರೀ ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ ಸುಮಾರು 34 ಜನ ಫೇಲು. ತರಗತಿಯಲ್ಲೇ ಯೋಚಿಸಿ, ಮಾತಾಡಿ ಕಲಿತವರಲ್ಲಿ ಸುಮಾರು 22. ಇದಕ್ಕಿಂತ ಇನ್ನೇನು ಬೇಕು?

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಲಿಂಗನಮಕ್ಕಿಯಲ್ಲೇ ಜಾಸ್ತಿ ಹೊತ್ತು ಕಳೆದೆ ಅಂತ ಕಾಣುತ್ತದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ತಂದೆತಾಯಂದಿರೇ, "ನಮ್ಮ ಮೇಷ್ಟ್ರು ಪಾಠವೇ ಮಾಡಲ್ಲ, ನಮ್ಮನ್ನೇ ಕೇಳ್ತಾರೆ" ಅಂತ ಮಕ್ಕಳು ದೂರು ಹೇಳಿದರೆ ಪ್ರಿನ್ಸಿಪಾಲರ ಹತ್ತಿರ ಓಡಬೇಡಿ. ಹಾರ್ವರ್ಡಿನಲ್ಲೇ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ನಿರರ್ಗಳ ಉಪನ್ಯಾಸ ಕೇಳಿದವರಿಗೆ ತಾವು ತುಂಬ ಕಲಿತೆವು ಅನ್ನಿಸಿತ್ತು. ಪರೀಕ್ಷೆ ಇಟ್ಟಾಗ ಜಾಸ್ತಿ ಕಲಿತದ್ದು ತಾವೇ ಬಿಡಿಸುತ್ತಾ ತಲೆ ಕೆಡಿಸಿಕೊಂಡು ಕೂತಿದ್ದ ಇನ್ನೊಂದು ಗುಂಪು.

ಕಲಾ ವಿಭಾಗದವರೇ, ಇದು ಸೈನ್ಸಿಗೆ ಮಾತ್ರ ಅನ್ನಬೇಡಿ. ಕೆಳದಿಯ ಶಿವಪ್ಪ ನಾಯಕನ ಶಿಸ್ತು, ಅಂದರೆ ಅವನ ಕಂದಾಯ ಪದ್ಧತಿ, ಪಾಠ ಮಾಡುತ್ತೀರಿ. ಭೂಮಿಯ ಗುಣ, ಇಳುವರಿ ನೋಡಿ ಕಂದಾಯ ಕಟ್ಟಿದ ಅಂತ ಬರೆಸುತ್ತೀರಿ. ಅದರ ಬದಲು, "ನೀವೇ ನಾಯಕ. ಒಂದೇ ವರ್ಷದ ಇಳುವರಿ ನೋಡಿ ಕಂದಾಯ ಕಟ್ಟಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ?" ಅಂತ ಕೇಳಿ. ಅಡಿಕೆ ರೇಟು ನೋಡಿ ಬೆಳೆದ ಮಕ್ಕಳು, ಸುಮ್ಮನೆ ಕೂರುತ್ತಾರಾ?

ಸಿಲಬಸ್ ಮುಗಿಯಲ್ಲ ಅಂತ ಎಲ್ಲರೂ ಹೇಳುತ್ತಾರೆ. ನೀವು ಮುಗಿಸುತ್ತೀರಿ ಸ್ವಾಮಿ, ಹುಡುಗರ ತಲೆಯಲ್ಲಿ ಅದು ಶುರುವೇ ಆಗಿರುವುದಿಲ್ಲ. ಓದಿದರೆ ತಿಳಿಯುವ ಭಾಗವನ್ನು ಮನೆಯಲ್ಲಿ ಓದಿಕೊಂಡು ಬರಲಿ, ಎಡವುವ ಜಾಗಕ್ಕೆ ತರಗತಿಯ ಸಮಯ ಕೊಡಿ.

ಇದಕ್ಕೆ ಸ್ಮಾರ್ಟ್ ಬೋರ್ಡೂ ಬೇಡ, ಇಂಟರ್‌ನೆಟ್ಟೂ ಬೇಡ. ಕರೆಂಟ್ ಹೋದರೂ ನಡೆಯುತ್ತದೆ. ಪ್ರಶ್ನೆಯ ಜೊತೆ ಎರಡು ಮೂರು ಉತ್ತರ ಕೊಡಿ. ಒಂದನೆಯದು ಸರಿ ಅನ್ನುವವರು ಒಂದು ಬೆರಳು, ಎರಡನೆಯದು ಅನ್ನುವವರು ಎರಡು, ಪಕ್ಕದವರಿಗೆ ಕಾಣದ ಹಾಗೆ ಎದೆಯ ಹತ್ತಿರ ಹಿಡಿಯಲಿ. ಹೆಚ್ಚಿನವರದು ಸರಿಯಿದ್ದರೆ ಮುಂದೆ ಹೋಗಿ. ಹೆಚ್ಚಿನವರದು ತಪ್ಪಿದ್ದರೆ ಅಕ್ಕಪಕ್ಕದವರ ಜೊತೆ ಮಾತಾಡಲು ಬಿಡಿ. ಯಾರಿಗೂ ತಲೆಬುಡ ತಿಳಿಯದಿದ್ದರೆ ಮಾತ್ರ ನೀವು ಇನ್ನೊಮ್ಮೆ ವಿವರಿಸಿ. ಮೊದಲನೇ ದಿನ ಯಾರೂ ಬಾಯಿ ಬಿಡದೆ ಇರಬಹುದು. ಆಗಲೂ ಉತ್ತರ ಹೇಳಿಬಿಡಬೇಡಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಮಸ್ಕಾರ.